ಕಂಪನಿ ಹಾಸಿಗೆ ಹಾಕಿದ್ರೆ ಪ್ರವಾಸೋದ್ಯಮ, ನಾವು ಹಾಕಿದ್ರೆ ಅಪರಾಧ!

ಹಳೇ ಟಿಟಿಯ ಸೀಟು ಬಿಚ್ಚಿ, ಒಳಗೆ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ಲಡಾಖ್‌ವರೆಗೆ ಹೋಗಿಬರುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನಮ್ಮ ದೇವರಾಯಸಮುದ್ರದ ಸುತ್ತಮುತ್ತಲ ಡ್ರೈವರ್ ಹುಡುಗರಂತೂ ಅದನ್ನೇ ನೋಡಿ ನೋಡಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದಾರೆ. 'ನಮ್ಮ ಗಾಡೀನೂ ಹಿಂಗ್ ಮಾಡ್ಸಿದ್ರೆ ಬೆಂಗಳೂರಿನವ್ರಿಗೆ ಬಾಡಿಗೆಗೆ ಕೊಡಬಹುದಲ್ವಾ?' ಅಂತ ನಮ್ಮನ್ನೂ ಕೇಳುತ್ತಾರೆ.

ನಮ್ಮ ಉತ್ತರ ಎರಡು ಮಾತಿನದು. ಮಾಡಿಸಬಹುದಾಗಿತ್ತು, ಮಾಡಿಸುವಂತೆ ಇರಬೇಕಿತ್ತು. ಆದರೆ ಇವತ್ತಿನ ವ್ಯವಸ್ಥೆಯಲ್ಲಿ ನೀವು ಅದನ್ನು ಮಾಡಿಸಿದರೆ ತಪ್ಪಿತಸ್ಥರು. ಅದೇ ಕೆಲಸವನ್ನು ದೊಡ್ಡ ಕಂಪನಿ ಮಾಡಿದರೆ ಮಂತ್ರಿಗಳು ಬಂದು ಹಸಿರು ಬಾವುಟ ತೋರಿಸುತ್ತಾರೆ. ಈ ವ್ಯತ್ಯಾಸ ಹಾಸಿಗೆಯದಲ್ಲ, ಕಾಗದದ್ದು. ಆ ಕಾಗದ ನಮ್ಮ ಕೈಗೆ ಎಟುಕದಂತೆ ಇಟ್ಟಿರುವುದರ ಬಗ್ಗೆಯೇ ನಮ್ಮ ತಕರಾರು.

ಟಿಟಿ ನಮಗೆ ಏನು ಅನ್ನುವುದನ್ನು ಮೊದಲು ಹೇಳಿಬಿಡೋಣ. ಬಜಾಜ್ ಟೆಂಪೋ ಕಂಪನಿ, ಅಂದರೆ ಈಗಿನ ಫೋರ್ಸ್ ಮೋಟಾರ್ಸ್, 1987ರಲ್ಲಿ ಟೆಂಪೋ ಟ್ರಾವೆಲರ್ ಇಳಿಸಿತು. ಅದಕ್ಕೂ ಮುಂಚೆ ಅದೇ ಕಂಪನಿಯ ಮೆಟಡೋರ್ ಇತ್ತು. ನಮ್ಮ ಅಪ್ಪಂದಿರ ಮದುವೆ ದಿಬ್ಬಣ ಹೋದದ್ದು ಮೆಟಡೋರಿನಲ್ಲಿ, ನಮ್ಮ ಅಕ್ಕಂದಿರದ್ದು ಟಿಟಿಯಲ್ಲಿ. ಈಗ ನರಸಾಪುರ, ವೇಮಗಲ್ ಕಾರ್ಖಾನೆಗಳ ಶಿಫ್ಟಿಗೆ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಿಂದ ಹುಡುಗ ಹುಡುಗಿಯರನ್ನು ಹೊತ್ತುಕೊಂಡು ಹೋಗುವುದೂ ಟಿಟಿಗಳೇ. ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡೇ ಸೀಟಿಗೆ ಒರಗಿ ನಿದ್ದೆ ಮಾಡುವ ಆ ಮಕ್ಕಳನ್ನು ಹೆದ್ದಾರಿ 75ರಲ್ಲಿ ಯಾವ ಬೆಳಗಿನ ಜಾವ ಬೇಕಾದರೂ ನೋಡಬಹುದು.

ಇನ್ನು ಗಾಡಿಯನ್ನೇ ಮನೆ ಮಾಡಿಕೊಳ್ಳುವುದು. ಅದು ಅಮೆರಿಕದಿಂದ ಬಂದ ಶೋಕಿ ಅಂತ ಯಾರಾದರೂ ಹೇಳಿದರೆ ನಗು ಬರುತ್ತದೆ. ಮೇಲ್ಮರುವತ್ತೂರಿಗೆ ಕೆಂಪು ಸೀರೆ ಉಟ್ಟು ಹೋಗುವ ಓಂಶಕ್ತಿ ಅಮ್ಮಂದಿರ ಟಿಟಿ ನೋಡಿದ್ದೀರಲ್ಲ? ಮೇಲಿನ ಕ್ಯಾರಿಯರ್‌ನಲ್ಲಿ ಪಾತ್ರೆ, ಅಕ್ಕಿ ಮೂಟೆ. ಡಿಕ್ಕಿಯಲ್ಲಿ ಸ್ಟೌ. ದಾರಿಯಲ್ಲಿ ಹುಣಸೇಮರ ಸಿಕ್ಕಿದ ಕಡೆ ಚಿತ್ರಾನ್ನ. ರಾತ್ರಿ ವಯಸ್ಸಾದವರು ಸೀಟಿನ ಮೇಲೆ, ಮಿಕ್ಕವರು ಜಮಖಾನ ಹಾಸಿಕೊಂಡು ಗಾಡಿ ಪಕ್ಕದಲ್ಲಿ. ಶಬರಿಮಲೆಗೆ ಹೋಗುವ ಸ್ವಾಮಿಗಳದ್ದೂ ಇದೇ ಸಂಸಾರ. ಕೋಲಾರದ ಎಪಿಎಂಸಿಗೆ ಟೊಮೆಟೊ ತುಂಬಲು ಬಂದ ಲಾರಿ ಡ್ರೈವರು ಮನೆ ಬಿಟ್ಟು ವಾರಗಟ್ಟಲೆ ಕ್ಯಾಬಿನ್ನಿನಲ್ಲೇ ಮಲಗುತ್ತಾನೆ. ಬೋರ್‌ವೆಲ್ ಲಾರಿಯ ಹುಡುಗರಿಗೆ ತಿಂಗಳುಗಟ್ಟಲೆ ಲಾರಿಯೇ ಮನೆ. ಇವರನ್ನು ಯಾರೂ ಸಾಹಸಿಗಳು ಅಂತ ಕರೆಯಲಿಲ್ಲ, ಇವರ ಮೇಲೆ ರೀಲ್ಸೂ ಬರಲಿಲ್ಲ.

ಹಾಗಾಗಿ ನಮ್ಮ ಹುಡುಗರಿಗೆ ಈ ಯೋಚನೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಇದರ ಹಿಂದೆ ಹೊಟ್ಟೆಪಾಡಿನ ಲೆಕ್ಕವೂ ಇದೆ. ಗುತ್ತಿಗೆದಾರರು ಸ್ವಲ್ಪ ವರ್ಷಕ್ಕೆ ಹೊಸ ಗಾಡಿ ತನ್ನಿ ಅನ್ನುತ್ತಾರೆ. ಅಷ್ಟರಲ್ಲಿ ಫೈನಾನ್ಸ್‌ನ ಕಂತು ಆಗತಾನೇ ಮುಗಿದಿರುತ್ತದೆ. ಇಂಜಿನ್ ಚೆನ್ನಾಗಿದೆ, ಆದರೆ ಸೀಟು ಹರಿದಿದೆ, ಎಸಿ ಕೈಕೊಟ್ಟಿದೆ. ಮಾರಲು ಹೋದರೆ ಕೇಳುವ ರೇಟು ಕೇಳಿ ಹೊಟ್ಟೆ ಉರಿಯುತ್ತದೆ. ಇನ್ನೊಂದು ಕಡೆ ಬೆಂಗಳೂರಿನ ಜನ ಶನಿವಾರ ಭಾನುವಾರ ಬಂತೆಂದರೆ ಅಂತರಗಂಗೆ ಗುಹೆ, ಆವಣಿ ಬೆಟ್ಟ, ಕುರುಡುಮಲೆ ಅಂತ ನಮ್ಮ ಕಡೆಗೇ ಬರುತ್ತಾರೆ. ಇಲ್ಲಿ ಮಲಗುವ ಗಾಡಿ ಇದ್ದರೆ ಬಾಡಿಗೆ ಬರುವುದು ಖಂಡಿತ ಅಂತ ಹುಡುಗ ಲೆಕ್ಕ ಹಾಕುತ್ತಾನೆ. ಆ ಲೆಕ್ಕ ತಪ್ಪಲ್ಲ. ಕೆಲಸಗಾರರೂ ಇದ್ದಾರೆ. ವೆಲ್ಡಿಂಗ್ ಶಾಪಿನವರು, ಬಡಗಿಗಳು, ಸೀಟು ಹೊಲಿಯುವ ಸಾಹೇಬರು, ವೈರಿಂಗ್ ಮಾಡುವವರು, ಎಲ್ಲರೂ ಹತ್ತು ಕಿಲೋಮೀಟರ್ ಒಳಗೇ ಸಿಗುತ್ತಾರೆ. ಹಾಗೊಬ್ಬ ವೆಲ್ಡರ್ ಅಣ್ಣ ನಮಗೆ ಹೇಳಿದ್ದು ಇಷ್ಟು: 'ಮಂಚ ಮಾಡೋದು ನಂಗೆ ಎರಡು ದಿನದ ಕೆಲ್ಸ. ಕಾಗದ ಮಾಡ್ಸೋದು ನನ್ ಕೈಲಾಗಲ್ಲಪ್ಪಾ.'

ಕಾಗದ ಏನು ಹೇಳುತ್ತದೆ? ನಿಮ್ಮ ಗಾಡಿಯ ಆರ್‌ಸಿ ತೆಗೆದು ನೋಡಿ. ಅದರಲ್ಲಿ ಬಾಡಿ ಯಾವ ಬಗೆ, ಸೀಟು ಎಷ್ಟು, ಖಾಲಿ ಗಾಡಿಯ ತೂಕ ಎಷ್ಟು ಅಂತ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಿಸಿದ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು 182ಎ ಸೆಕ್ಷನ್ ಸೇರಿತು. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಸೀಟು ತೆಗೆದದ್ದು ಒಂದು, ಕಿಟಕಿ ಕೊರೆದದ್ದು ಇನ್ನೊಂದು, ಮೇಲ್ಛಾವಣಿ ಎತ್ತರಿಸಿದ್ದು ಮತ್ತೊಂದು ಅಂತ ಬ್ರೇಕ್ ಇನ್‌ಸ್ಪೆಕ್ಟರ್ ಎಣಿಸುತ್ತಾ ಹೋದರೆ ನೀವೇ ಕೂಡಿ ನೋಡಿಕೊಳ್ಳಿ.

ದಂಡಕ್ಕಿಂತ ದೊಡ್ಡ ಹೊಡೆತ ಇನ್ಶೂರೆನ್ಸಿನದು. ಆರ್‌ಸಿಯಲ್ಲಿ 17 ಸೀಟಿನ ಪ್ಯಾಸೆಂಜರ್ ಗಾಡಿ, ಅಪಘಾತವಾದ ಜಾಗದಲ್ಲಿ ಮಂಚ, ಸಿಂಕು, ಸಿಲಿಂಡರ್. ಕ್ಲೇಮು ತಿರಸ್ಕರಿಸಲು ಕಂಪನಿಯವರಿಗೆ ಇದಕ್ಕಿಂತ ಒಳ್ಳೆ ನೆಪ ಬೇಕೇ? ಆಗ ಹೋಗುವುದು ಗಾಡಿ ಮಾತ್ರ ಅಲ್ಲ, ಗಾಯಗೊಂಡವರ ಪರಿಹಾರಕ್ಕೆ ಮನೆ ಮುಂದಿನ ಎರಡು ಎಕರೆಯೂ ಹೋಗಬಹುದು.

ಹಾಗಾದರೆ ಕ್ಯಾಂಪರ್ ಗಾಡಿಗಳು ಓಡಾಡುತ್ತಿರುವುದು ಹೇಗೆ? ಕಾನೂನಿನಲ್ಲಿ ಅವಕ್ಕೂ ಜಾಗ ಇದೆ. ಮೋಟಾರ್ ಕ್ಯಾರವಾನ್ ಅಂತ ಹೆಸರು. ಅದಕ್ಕೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವೇ ಇದೆ. ಕಂಪನಿಯವರು ಒಂದು ನಕ್ಷೆ ಮಾಡಿ, ಒಂದು ಮಾದರಿ ಗಾಡಿ ಕಟ್ಟಿ, ಪುಣೆಯ ಎಆರ್‌ಎಐ, ಹರಿಯಾಣದ ಮಾನೇಸರದ ಐಕ್ಯಾಟ್ ಥರದ ಪರೀಕ್ಷಾ ಸಂಸ್ಥೆಯಲ್ಲಿ ಪಾಸು ಮಾಡಿಸುತ್ತಾರೆ. ಆಮೇಲೆ ಅದೇ ನಮೂನೆಯಲ್ಲಿ ಹತ್ತಾರು ಗಾಡಿ ಕಟ್ಟುತ್ತಾರೆ. ಪರೀಕ್ಷೆಯ ಖರ್ಚು ಅಷ್ಟೂ ಗಾಡಿಗಳ ಮೇಲೆ ಹಂಚಿಹೋಗುತ್ತದೆ. ನಮ್ಮ ಹುಡುಗನ ಹತ್ತಿರ ಇರುವುದು ಒಂದೇ ಗಾಡಿ. ಒಂದು ಗಾಡಿಗೆ ಪುಣೆಗೆ ಹೋಗಿ, ಇಂಜಿನಿಯರ್ ಕೈಲಿ ನಕ್ಷೆ ಬರೆಸಿ, ಇಂಗ್ಲಿಷಿನಲ್ಲಿ ಅರ್ಜಿ ಹಾಕಿ, ಪರೀಕ್ಷೆ ಫೀಸು ಕಟ್ಟಿ, ಅಷ್ಟು ದಿನ ಬಾಡಿಗೆ ಬಿಟ್ಟು ಕೂರಲು ಅವನಿಂದ ಆಗುತ್ತದೆಯೇ? ಕಾನೂನು ಬಾಗಿಲು ಮುಚ್ಚಿಲ್ಲ. ಬಾಗಿಲನ್ನು ನಾಲ್ಕನೇ ಮಹಡಿಯಲ್ಲಿಟ್ಟು ಮೆಟ್ಟಿಲು ಕಟ್ಟಿಲ್ಲ, ಅಷ್ಟೇ.

ಇತ್ತ ಸರ್ಕಾರಗಳ ಉತ್ಸಾಹ ನೋಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್ ಮತ್ತು ಕ್ಯಾಂಪಿಂಗ್ ಪಾರ್ಕುಗಳಿಗೆ ನೀತಿ ತಂದದ್ದು 2010ರಲ್ಲೇ. ಕೇರಳ 2021ರಲ್ಲಿ ಕೆರವಾನ್ ಅಂತ ಚೆಂದದ ಹೆಸರಿಟ್ಟು ಯೋಜನೆ ಮಾಡಿತು. ನಮ್ಮ ರಾಜ್ಯದ 2020-25ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸದ ಮಾತಿತ್ತು. ಖಾಸಗಿ ಕಂಪನಿಗಳ ಐಷಾರಾಮಿ ಗಾಡಿಗಳು ರಸ್ತೆಗೂ ಇಳಿದವು. ಒಳಗೆ ಟಿವಿ, ಷವರ್, ಮೈಕ್ರೋವೇವ್. ಪ್ರವಾಸೋದ್ಯಮದಿಂದ ಹಳ್ಳಿಗಳಿಗೆ ಉದ್ಯೋಗ ಅಂತ ಭಾಷಣದಲ್ಲಿ ಕೇಳುತ್ತಲೇ ಇದ್ದೇವೆ. ಯಾವ ಉದ್ಯೋಗ? ಗಾಡಿ ಕಂಪನಿಯದು, ಬುಕಿಂಗ್ ಆ್ಯಪ್‌ನದು, ಊಟ ಅವರದೇ ಫ್ರಿಜ್ಜಿನದು. ನಮ್ಮೂರಿಗೆ ಉಳಿಯುವುದು ಗಾಡಿ ತೊಳೆದ ನೀರು.

ಇಲ್ಲಿ ಕೆಲವರು ತಕ್ಷಣ ಕೇಳುತ್ತಾರೆ: 'ಹಂಗಂತ ಕಂಡ ಕಂಡವರೆಲ್ಲ ಗಾಡಿ ಕೊಯ್ದು ಮನೆ ಮಾಡ್ಲಾ? ಜನ ಸತ್ರೆ?' ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಜನ ಸತ್ತಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಇಬ್ಬರು ಶವವಾಗಿ ಸಿಕ್ಕರು. ಎಸಿಗೆ ಹಾಕಿದ್ದ ಜನರೇಟರ್‌ನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಗಾಡಿಯ ಒಳಕ್ಕೆ ಸೇರಿದ್ದೇ ಕಾರಣ ಅಂತ ತಜ್ಞರ ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಮಧುರೈನಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಗೆ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಕದ್ದು ತಂದಿದ್ದ ಗ್ಯಾಸ್ ಸಿಲಿಂಡರ್‌ನಲ್ಲಿ ಒಳಗೇ ಟೀ ಕಾಯಿಸಲು ಹೋಗಿದ್ದರು. ನಮ್ಮ ತಿರುಪತಿ ಟಿಟಿಗಳಿಗೂ ಈ ಎರಡು ಕಥೆ ಅನ್ವಯಿಸುತ್ತವೆ ಅನ್ನುವುದನ್ನು ಮರೆಯಬೇಡಿ. ರಾತ್ರಿಯೆಲ್ಲಾ ಇಂಜಿನ್ ಚಾಲೂ ಇಟ್ಟು, ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಮಲಗುವ ಡ್ರೈವರುಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಆದರೆ ಈ ಸಾವುಗಳಿಂದ ಕಲಿಯಬೇಕಾದ ಪಾಠ, ಹಳ್ಳಿಯವರು ಮಾಡಬಾರದು ಅನ್ನುವುದಲ್ಲ. ಪರೀಕ್ಷೆ ಮಾಡುವ ಕಣ್ಣು ಹತ್ತಿರದಲ್ಲಿರಬೇಕು ಅನ್ನುವುದು. ಈಗ ಏನಾಗುತ್ತಿದೆ? ಅನುಮತಿ ಸಿಗಲ್ಲ ಅಂತ ಗೊತ್ತಿರುವುದರಿಂದ ಜನ ಕದ್ದು ಮಾಡಿಸುತ್ತಾರೆ. ಎಫ್‌ಸಿಗೆ ಹೋಗುವ ದಿನ ಮಂಚ ಬಿಚ್ಚಿ ಸೀಟು ಬೋಲ್ಟ್ ಮಾಡುತ್ತಾರೆ, ವಾಪಸ್ ಬಂದು ಮತ್ತೆ ಮಂಚ. ಬಿಚ್ಚಲು ಸುಲಭವಾಗಲಿ ಅಂತ ಎಲ್ಲವನ್ನೂ ಸಡಿಲವಾಗಿ ಕೂರಿಸಿರುತ್ತಾರೆ. ಬ್ರೇಕ್ ಹಾಕಿದಾಗ ಆ ಸಡಿಲ ಮಂಚ, ಆ ಸಡಿಲ ಬ್ಯಾಟರಿ ಎಲ್ಲಿಗೆ ಹಾರುತ್ತವೆ ಅಂತ ಯೋಚಿಸಿ. ಕಾನೂನು ದೂರ ಇದ್ದಷ್ಟೂ ಅಪಾಯ ಹತ್ತಿರ ಬರುತ್ತಿದೆ.

ಪರೀಕ್ಷೆ ಮಾಡಬೇಕಾದದ್ದೇನು? ರಾಕೆಟ್ ವಿದ್ಯೆಯಲ್ಲ ಇದು. ನಮ್ಮ ಮೆಕ್ಯಾನಿಕ್ಕುಗಳಿಗೆ ಅರ್ಥವಾಗದ್ದೂ ಇದರಲ್ಲಿಲ್ಲ.

ಮೊದಲು ಗ್ಯಾಸು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹಬ್ಬಿ ಕೂರುತ್ತದೆ. ಮೇಲೆ ಕಿಟಕಿ ಇಟ್ಟಿದ್ದೇವೆ ಅಂದರೆ ಪ್ರಯೋಜನವಿಲ್ಲ. ಸಿಲಿಂಡರ್ ಇಡುವ ಪೆಟ್ಟಿಗೆ ಬೇರೆಯಾಗಿದ್ದು, ಅದರ ತಳದಲ್ಲೇ ಗಾಡಿಯ ಹೊರಕ್ಕೆ ತೂತು ಇರಬೇಕು. ಒಲೆ ಉರಿಯುವ ಜಾಗದಲ್ಲಿ ಮಲಗುವುದಾದರೆ ಗಾಳಿ ಬರುವ ದಾರಿ ಮುಚ್ಚದಂತೆ ಇರಬೇಕು. ಜನರೇಟರ್ ಅಂತೂ ಗಾಡಿಯೊಳಗೆ, ಗಾಡಿಯ ಅಡಿಗೆ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್ ಬಂದರೆ ಕೂಗುವ ಸಣ್ಣ ಅಲಾರಂ ಸಿಗುತ್ತದೆ, ಅದಿಲ್ಲದೆ ಯಾರನ್ನೂ ಒಳಗೆ ಮಲಗಿಸಬಾರದು.

ಕರೆಂಟು. ಹುಡುಗರು ಇಲ್ಲೇ ಹೆಚ್ಚು ಮೋಸ ಹೋಗುವುದು. ಮನೆಯ ಇನ್ವರ್ಟರ್‌ನ 150 ಆಂಪ್-ಅವರ್ ಬ್ಯಾಟರಿ ತಂದಿಟ್ಟರೆ ಎಲ್ಲಾ ಓಡುತ್ತದೆ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ: 150ನ್ನು 12 ವೋಲ್ಟ್‌ನಿಂದ ಗುಣಿಸಿದರೆ 1,800 ವ್ಯಾಟ್-ಅವರ್. ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬೇಗ ಹಾಳಾಗುವುದರಿಂದ ಕೈಗೆ ಸಿಗುವುದು 900. ಮೂವತ್ತು ವ್ಯಾಟಿನ ಫ್ಯಾನು ಒಂದೇ ಆದರೆ ರಾತ್ರಿಯೆಲ್ಲಾ ಆರಾಮವಾಗಿ ತಿರುಗುತ್ತದೆ. 1,500 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ಅರ್ಧ ಗಂಟೆ, ಮುದ್ದೆ ಕಟ್ಟಿ ಸಾರು ಕುದಿಯುವ ಮುಂಚೆ ಕಥೆ ಮುಗಿಯಿತು. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇಲ್ಲದೆ ತೆಳು ವೈರು ಎಳೆದರೆ ಆ ವೈರೇ ಬೆಂಕಿಕಡ್ಡಿ.

ತೂಕದ ವಿಷಯಕ್ಕೆ ಬನ್ನಿ. ಸೀಟು, ಜನ ಎರಡೂ ಕಮ್ಮಿಯಾಗುವುದರಿಂದ ಒಟ್ಟು ತೂಕ ಸಾಮಾನ್ಯವಾಗಿ ಸಮಸ್ಯೆಯಲ್ಲ. ಎಲ್ಲಿ ಇಟ್ಟಿದ್ದೀರಿ ಅನ್ನುವುದೇ ಸಮಸ್ಯೆ. ನೂರು ಲೀಟರ್ ನೀರು ಅಂದರೆ ನೂರು ಕೆಜಿ, ಟ್ಯಾಂಕಿನ ತೂಕ ಬೇರೆ. ದಪ್ಪ ಪ್ಲೈವುಡ್‌ನ ಒಂದು ದೊಡ್ಡ ಹಲಗೆಯೇ ಮೂವತ್ತು ಕೆಜಿ ದಾಟುತ್ತದೆ, ಅಂಥವು ಹತ್ತು ಬೇಕು. ನೀರು, ಬ್ಯಾಟರಿ, ಅಡುಗೆ ಕಟ್ಟೆ ಮೂರನ್ನೂ ಒಂದೇ ಪಕ್ಕಕ್ಕೆ, ಅದೂ ಹಿಂದಿನ ಚಕ್ರದ ಆಚೆಗೆ ಹಾಕಿದರೆ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಘಾಟಿ ಇಳಿಯುವಾಗ ಡ್ರೈವರ್‌ಗೆ ಇದು ತಕ್ಷಣ ಗೊತ್ತಾಗುತ್ತದೆ, ಆದರೆ ಆಗ ಗೊತ್ತಾಗಿ ಏನು ಬಂತು? ಗಾಡಿಯನ್ನು ವೇಬ್ರಿಡ್ಜ್ ಮೇಲೆ ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನ ಚಕ್ರ ಅಂತ ಬೇರೆ ಬೇರೆ ತೂಗಿದರೆ ಸಾಕು, ಎಲ್ಲಾ ಬಯಲಾಗುತ್ತದೆ.

ಕೊನೆಗೆ, ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಇರಬಾರದು. ಎಷ್ಟು ಜನ ಪ್ರಯಾಣ ಮಾಡುತ್ತಾರೋ ಅಷ್ಟು ಸೀಟು, ಅಷ್ಟು ಬೆಲ್ಟು. ಮಂಚ ಅಡ್ಡ ಬಂದು ಹಿಂದಿನ ಬಾಗಿಲು ಮುಚ್ಚಿಹೋಗಬಾರದು. ಬೆಂಕಿ ಬಿದ್ದಾಗ ಓಡಲು ಎರಡನೇ ದಾರಿ ಬೇಕೇ ಬೇಕು.

ಇಷ್ಟನ್ನು ನೋಡಲು ಪುಣೆಗೆ ಯಾಕೆ ಹೋಗಬೇಕು? ಕೋಲಾರದ ಕೆಎ-07 ಆಫೀಸಾಗಲಿ, ಕೆಜಿಎಫ್‌ನ ಕೆಎ-08 ಆಗಲಿ, ದಿನಾ ಲಾರಿ ಬಸ್ಸುಗಳ ಎಫ್‌ಸಿ ಮಾಡುವ ಬ್ರೇಕ್ ಇನ್‌ಸ್ಪೆಕ್ಟರುಗಳು ಅಲ್ಲೇ ಇದ್ದಾರಲ್ಲ.

'ಕಾನೂನಿನಲ್ಲಿ ಹಾಗಿಲ್ಲ' ಅನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇವೆ. ಪೆಟ್ರೋಲ್ ಗಾಡಿಗೆ ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸುವುದು ಗೊತ್ತಲ್ಲ? ಅದು ಮಂಚಕ್ಕಿಂತ ಸಾವಿರ ಪಾಲು ಅಪಾಯದ ಕೆಲಸ. ಆದರೂ ಅದಕ್ಕೆ ದಾರಿ ಮಾಡಿದ್ದಾರೆ. ಕಿಟ್ ಮಾಡುವವರು ಒಂದು ಸಲ ಕಿಟ್‌ಗೆ ಅನುಮೋದನೆ ಪಡೆಯುತ್ತಾರೆ. ಅಧಿಕೃತ ಗ್ಯಾರೇಜಿನವರು ಕೂರಿಸುತ್ತಾರೆ. ಆರ್‌ಟಿಒ ನೋಡಿ ಆರ್‌ಸಿಯಲ್ಲಿ ಬರೆಯುತ್ತಾರೆ. ಬೆಂಗಳೂರಿನ ಆಟೋದವರು ಪುಣೆಗೆ ಹೋದರೇ? ಅಂಗವಿಕಲರಿಗಾಗಿ ಗಾಡಿ ಬದಲಾಯಿಸಿಕೊಳ್ಳಲು ಕೂಡ 52ನೇ ಸೆಕ್ಷನ್ನಿನಲ್ಲೇ ದಾರಿ ಇದೆ. ಮನಸ್ಸಿದ್ದ ಕಡೆ ಸರ್ಕಾರ ದಾರಿ ಮಾಡಿದೆ.

ಕ್ಯಾಂಪರ್‌ಗೂ ಇದನ್ನೇ ಮಾಡಿ ಅನ್ನುವುದು ನಮ್ಮ ಒತ್ತಾಯ. ರಾಜ್ಯ ಸಾರಿಗೆ ಇಲಾಖೆ, ಪ್ರವಾಸೋದ್ಯಮ ಇಲಾಖೆ ಸೇರಿ ಕೇಂದ್ರದ ಮುಂದೆ ಇಡಲಿ. ಟಿಟಿಯಂಥ ಸಾಮಾನ್ಯ ಗಾಡಿಗೆ ಎರಡೋ ಮೂರೋ ನಮೂನೆಯ ಮಂಚ-ಅಡುಗೆ ಕಿಟ್ಟುಗಳ ನಕ್ಷೆಗೆ ಸರ್ಕಾರವೇ ಒಂದು ಸಲ ಎಐಎಸ್-124ರ ಅನುಮೋದನೆ ಮಾಡಿಸಲಿ. ನಕ್ಷೆಯನ್ನು ಅಳತೆ ಸಮೇತ ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಹಾಕಲಿ. ಸರ್ಕಾರಿ ಐಟಿಐಗಳಲ್ಲಿ ವೆಲ್ಡರ್, ಬಡಗಿ, ಎಲೆಕ್ಟ್ರಿಷಿಯನ್‌ಗಳಿಗೆ ಒಂದು ಸಣ್ಣ ತರಬೇತಿ ಕೊಟ್ಟು ಸರ್ಟಿಫಿಕೇಟು ಕೊಡಲಿ. ಅಂಥ ಶಾಪಿನಲ್ಲಿ ಮಾಡಿಸಿದ ಗಾಡಿಯನ್ನು ಜಿಲ್ಲೆಯ ಆರ್‌ಟಿಒದಲ್ಲೇ ನೋಡಿ ಆರ್‌ಸಿಗೆ ಸೇರಿಸಲಿ. ಹಳದಿ ಬೋರ್ಡಿನ ಮಾಲೀಕ ಹಳದಿ ಬೋರ್ಡಿನಲ್ಲೇ ಬಾಡಿಗೆ ಓಡಿಸುವಂತಾಗಲಿ.

ಗಾಡಿ ಬಂದ ಮೇಲೆ ನಿಲ್ಲುವ ಜಾಗದ ಪ್ರಶ್ನೆಯೂ ಇದೆ. ಹೆಸರಿನಲ್ಲೇ ಸಮುದ್ರ ಇಟ್ಟುಕೊಂಡ ಊರು ನಮ್ಮದು, ಕೆರೆ ಕಟ್ಟಿದವರ ನೆನಪಿನ ಹೆಸರು. ಬೆಂಗಳೂರಿನ ಗಾಡಿಗಳು ಕೆರೆ ಏರಿ ಮೇಲೆ ನಿಂತು ಟಾಯ್ಲೆಟ್ ಡಬ್ಬಿಯನ್ನು ಎಲ್ಲಿ ಖಾಲಿ ಮಾಡುತ್ತವೆ? ಅದಲ್ಲದೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ನೋಡಲು ಕೆರೆ ತುಂಬಿದೆ ಅಂತ ಯಾವ ಕ್ಯಾಂಪರ್‌ನವರೂ ಅದರಿಂದ ಟ್ಯಾಂಕು ತುಂಬಿಕೊಂಡು ಅಡುಗೆ ಮಾಡಬಾರದು. ಪಂಚಾಯ್ತಿಯೇ ಒಂದು ಜಾಗ, ಒಂದು ಶುದ್ಧ ನೀರಿನ ನಲ್ಲಿ, ಒಂದು ಶೌಚಾಲಯ, ಒಂದು ಚಾರ್ಜಿಂಗ್ ಪಾಯಿಂಟು ಮಾಡಿ ರಾತ್ರಿಗೆ ಇಷ್ಟು ಅಂತ ರಸೀದಿ ಹರಿದರೆ ಊರಿಗೂ ಕಾಸು, ಸ್ತ್ರೀಶಕ್ತಿ ಸಂಘದವರ ಮುದ್ದೆ-ಬಸ್ಸಾರಿಗೂ ಗಿರಾಕಿ.

ಅದೆಲ್ಲ ಆಗುವವರೆಗೆ ತಮ್ಮಂದಿರಾ, ಸೀಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಬೇಡಿ. ಬೆಂಗಳೂರಿನ ಗಿರಾಕಿ ಬಂದರೆ ಈಗಿರುವ ಟಿಟಿಯಲ್ಲೇ ಕರೆದುಕೊಂಡು ಹೋಗಿ. ಎರಡು ಟೆಂಟು, ಜಮಖಾನ, ದೊಡ್ಡ ನೀರಿನ ಕ್ಯಾನು, ಗಾಡಿಯಿಂದ ದೂರದಲ್ಲಿ ಹೊರಗೆ ಹಚ್ಚುವ ಒಲೆ, ಇಷ್ಟು ಇದ್ದರೆ ಆರ್‌ಸಿಯ ಒಂದು ಅಕ್ಷರವೂ ಬದಲಾಗಬೇಕಿಲ್ಲ. ಬಿಳಿ ಬೋರ್ಡ್ ಮಾಡಿಸಿ ಕದ್ದು ಬಾಡಿಗೆ ಓಡಿಸಿ ಅಂತ ಸಲಹೆ ಕೊಡುವ ಏಜೆಂಟರ ಮಾತು ಕೇಳಬೇಡಿ, ಸಿಕ್ಕಿಬಿದ್ದ ದಿನ ಅವನ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಮೇಲಿನ ಒತ್ತಾಯಗಳನ್ನು ಸಾರಿಗೆ ಆಯುಕ್ತರಿಗೆ ಕಳಿಸಲು ಮನವಿಯಾಗಿ ಬರೆಯುತ್ತಿದ್ದೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಟಿಟಿ ಮಾಲೀಕರು, ಡ್ರೈವರುಗಳು, ವೆಲ್ಡಿಂಗ್ ಶಾಪಿನವರು ಇದಕ್ಕೆ ಸಹಿ ಹಾಕಬೇಕು. ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವತ್ತು ಅಂತ ತಿಳಿಸಿ, ಮನವಿ ಪತ್ರ ಹಿಡಿದುಕೊಂಡು ನಾವೇ ಅಲ್ಲಿಗೆ ಬರುತ್ತೇವೆ.